ಅಟ್ಟದ ಮೇಲಿನ ರೇಡಿಯೋ

(ಶಾಲೆಯ ವಾರ್ಷಿಕ ಸ್ನೇಹ ಸಮ್ಮೇಲನದಲ್ಲಿ ಮುಖ್ಯಾಧ್ಯಾಪಕರು ಮಾಡಿದ ಭಾಷಣ)



ನಮ್ಮ ಸೊಲ್ಲಾಪುರ ಅಕ್ಕಲಕೋಟೆಗಳ ಸೀಮೆಯ ಹಳೆಯ ಮನೆಗಳಲ್ಲಿ ಅಟ್ಟವನ್ನು ಹತ್ತಿ ನೋಡಿದರೆ, ತಳ ಹೋದ ಹಂಡೆ, ಮುರಿದ ತೊಟ್ಟಿಲು, ಹಳೆಯ ಪಂಚಾಂಗಗಳ ಕಟ್ಟು ಇವುಗಳ ನಡುವೆ ಎಷ್ಟೋ ಕಡೆಗಳಲ್ಲಿ ಒಂದು ಮರದ ಪೆಟ್ಟಿಗೆ ಕಾಣಸಿಗುವುದು. ಎದುರಿಗೆ ಧೂಳು ಹಿಡಿದ ಬಟ್ಟೆಯ ಪರದೆ, ಕೆಳಗೆ ಊರುಗಳ ಹೆಸರನ್ನು ಅಚ್ಚು ಹಾಕಿದ ಗಾಜಿನ ಪಟ್ಟಿ, ಅದರ ಎರಡು ಮಗ್ಗುಲಿಗೆ ತಿರುಗಣೆಗಳು. ಇದೇ ವಾಲ್ವು ರೇಡಿಯೋ. ಭಂಗಾರದವನು ಬಾಗಿಲಿಗೆ ಬಂದಾಗ ಇದು ತೂಕದ ಲೆಕ್ಕದಲ್ಲಿ ಹೊರಟುಹೋಗುವುದು. ಇಲ್ಲವೆ ರಜೆಯಲ್ಲಿ ಮನೆಗೆ ಬಂದ ಉತ್ಸಾಹಿ ಹುಡುಗನೊಬ್ಬನು ಅದನ್ನು ಕೆಳಗಿಳಿಸಿ, ಧೂಳು ಜಾಡಿಸಿ, ನಡೆಯುವುದೋ ಇಲ್ಲವೋ ನೋಡೋಣವೆಂದು ನೇರವಾಗಿ ವಿದ್ಯುತ್ತಿಗೆ ಜೋಡಿಸುವನು. ಈ ಎರಡೂ ಕಾರ್ಯಗಳನ್ನು ತಡೆಯಬೇಕೆಂಬುದೇ ಇಂದಿನ ನಮ್ಮ ಭಾಷಣದ ಉದ್ದೇಶ. ಮೊದಲನೆಯದರಿಂದ ಮನೆತನದ ಒಂದು ವಸ್ತು ಹೋಗುವುದು. ಎರಡನೆಯದರಿಂದ ರೇಡಿಯೋ ಹೋಗುವುದು, ಕೆಲವೊಮ್ಮೆ ಹುಡುಗನ ಪ್ರಾಣಕ್ಕೂ ಅಪಾಯ ಬರುವುದು.

ಶಾಲೆಯ ಕೆಲಸ ಮುಗಿದ ಮೇಲೆ ಮನೆಯ ಪಡಸಾಲೆಯಲ್ಲಿ ಕುಳಿತು ಇಂಥ ರೇಡಿಯೋಗಳನ್ನು ಬಿಚ್ಚಿ ಸರಿಪಡಿಸುವ ಹವ್ಯಾಸ ನಮಗೆ ಹಲವು ವರ್ಷಗಳಿಂದ ಇದೆ. ನಾವು ಇಂಜಿನಿಯರಿಂಗ್ ಓದಿದವರಲ್ಲ, ಕಲಾಶಾಖೆಯ ಪದವೀಧರರು. ಆದುದರಿಂದ ನಮ್ಮ ಕೈಗೆ ನಿಲುಕಿದ ಈ ವಿದ್ಯೆ ನಿಮ್ಮ ಕೈಗೂ ನಿಲುಕುವುದೆಂಬ ಧೈರ್ಯದಿಂದಲೇ ಮಾತನಾಡುತ್ತಿದ್ದೇವೆ.

ಕನ್ನಡದ ಬಾನುಲಿಯ ಕಥೆ 1935ನೆಯ ಇಸವಿಯಲ್ಲಿ ಮೈಸೂರಿನಲ್ಲಿ ಆರಂಭವಾಯಿತು. ಅಲ್ಲಿಯ ಮಹಾರಾಜಾ ಕಾಲೇಜಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಒಂದು ಚಿಕ್ಕ ಪ್ರಸಾರ ಯಂತ್ರವನ್ನಿಟ್ಟು ಕೇಂದ್ರವನ್ನು ನಡೆಸತೊಡಗಿದರು. ಅದಕ್ಕೆ ಇಟ್ಟ ಹೆಸರು ಆಕಾಶವಾಣಿ. ಮುಂದೆ ಅದೇ ಹೆಸರು ಇಡೀ ದೇಶದ ಬಾನುಲಿಗೆ ಸಂದಿತು. ಒಬ್ಬ ಅಧ್ಯಾಪಕರು ಮನೆಯಲ್ಲಿ ಕೈಗೊಂಡ ಕೆಲಸ ಇದೆಂಬುದನ್ನು ನಾವು ಅಧ್ಯಾಪಕರು ಸ್ವಲ್ಪ ಹೆಮ್ಮೆಯಿಂದಲೇ ನೆನೆಯುತ್ತೇವೆ. ನಮ್ಮ ಸೀಮೆಗೆ ಹತ್ತಿರದ ಧಾರವಾಡ ಕೇಂದ್ರ ಆರಂಭವಾದದ್ದು 1950ರ ಜನವರಿಯಲ್ಲಿ. ಆಗ ಧಾರವಾಡವೂ ಸೊಲ್ಲಾಪುರವೂ ಒಂದೇ ಮುಂಬಯಿ ರಾಜ್ಯದಲ್ಲಿದ್ದವು. 1956ರ ನವೆಂಬರ್ 1ರಂದು ಧಾರವಾಡವು ಮೈಸೂರು ರಾಜ್ಯಕ್ಕೆ ಸೇರಿತು, ನಾವು ಮುಂಬಯಿ ರಾಜ್ಯದಲ್ಲಿ ಉಳಿದೆವು, 1960ರಲ್ಲಿ ಮಹಾರಾಷ್ಟ್ರದವರಾದೆವು. ಗೆರೆಯನ್ನು ನೆಲದ ಮೇಲೆ ಎಳೆದರು. ಮಧ್ಯಮ ತರಂಗಗಳು ಅದನ್ನು ಗಮನಿಸಲಿಲ್ಲ. 1966ರಲ್ಲಿ ಕಲಬುರ್ಗಿಯ ಕೇಂದ್ರವೂ ಬಂದಿತು. ಪೇಟೆಯಲ್ಲಿ, ಗಿರಣಿಯಲ್ಲಿ, ಕಚೇರಿಯಲ್ಲಿ ದಿನವಿಡೀ ಮರಾಠಿಯಲ್ಲಿ ವ್ಯವಹರಿಸಿ ಬಂದವರು ಸಂಜೆ ಆ ಪೆಟ್ಟಿಗೆಯ ಮುಂದೆ ಕುಳಿತು ವಾರ್ತೆಯನ್ನೂ ನಾಟಕವನ್ನೂ ಮಳೆಬೆಳೆಯ ಮಾತನ್ನೂ ಕನ್ನಡದಲ್ಲಿ ಕೇಳಿದರು. ನಮ್ಮ ಶಾಲೆಯ ಹೊರತಾಗಿ ಈ ಊರುಗಳಿಗೆ ಪ್ರತಿನಿತ್ಯ ಗ್ರಾಂಥಿಕ ಕನ್ನಡವನ್ನು ತಂದುಕೊಟ್ಟ ಸಾಧನವೆಂದರೆ ಅದೊಂದೇ ಎಂದರೆ ತಪ್ಪಾಗಲಾರದು.

ಇನ್ನು ಪೆಟ್ಟಿಗೆಯ ಒಳಗೆ ಏನಿದೆ ಎಂಬುದನ್ನು ನೋಡೋಣ. ಹಿಂಬದಿಯ ಹಲಗೆಯನ್ನು ತೆಗೆದರೆ ತಗಡಿನ ಒಂದು ಅಡಿಗಟ್ಟು, ಅದರ ಮೇಲೆ ನಾಲ್ಕೈದು ಗಾಜಿನ ನಳಿಕೆಗಳು ಕಾಣುವುವು. ಇವೇ ವಾಲ್ವುಗಳು. ಗಾಳಿಯನ್ನು ಪೂರ್ತಿ ಹೊರತೆಗೆದ ಈ ನಳಿಕೆಯೊಳಗೆ ಒಂದು ತಂತಿ ಕೆಂಪಗೆ ಕಾಯುವುದು. ಕಾಯ್ದ ಲೋಹದಿಂದ ಎಲೆಕ್ಟ್ರಾನುಗಳು ಹೊರಟು, ಎದುರಿಗಿರುವ ಧನ ವಿದ್ಯುತ್ತಿನ ತಗಡಿನ ಕಡೆಗೆ ಧಾವಿಸುವುವು. 1904ರಲ್ಲಿ ಇಂಗ್ಲೆಂಡಿನ ಫ್ಲೆಮಿಂಗ್ ಮಾಡಿದ ವಾಲ್ವಿನಲ್ಲಿ ಇದ್ದದ್ದು ಇಷ್ಟೇ. ಎರಡು ವರ್ಷಗಳ ತರುವಾಯ ಅಮೆರಿಕದ ಲೀ ಡಿ ಫಾರೆಸ್ಟ್ ಈ ಎರಡರ ನಡುವೆ ತಂತಿಯ ಒಂದು ಜಾಲರಿಯನ್ನು ಇಟ್ಟನು. ಕೆರೆಯ ತೂಬಿನ ಹಲಗೆಯನ್ನು ಒಂದು ಬೆರಳಷ್ಟು ಎತ್ತಿದರೆ ಕಾಲುವೆಯ ನೀರೆಲ್ಲ ಏರುವುದನ್ನೂ, ಇಳಿಸಿದರೆ ತಗ್ಗುವುದನ್ನೂ ಒಕ್ಕಲಿಗರ ಮಕ್ಕಳಾದ ನಿಮಗೆ ಬೇರೆ ಹೇಳಬೇಕಾಗಿಲ್ಲ. ಜಾಲರಿಯ ಕೆಲಸವೂ ಅದೇ. ಆಂಟೆನಾದ ತಂತಿಗೆ ಬಂದ ಅತಿ ಕ್ಷೀಣವಾದ ವಿದ್ಯುತ್ತು ಜಾಲರಿಯನ್ನು ಅಲುಗಿಸುವುದು. ಅದಕ್ಕೆ ತಕ್ಕಂತೆ ದೊಡ್ಡ ಪ್ರವಾಹವು ಏರಿಳಿಯುವುದು. ಕೊನೆಗೆ ಅದು ಧ್ವನಿವರ್ಧಕದ ಕಾಗದವನ್ನು ನಡುಗಿಸುವಷ್ಟು ಬಲವನ್ನು ಪಡೆಯುವುದು. ನಮ್ಮವರೇ ಆದ ಆಚಾರ್ಯ ಜಗದೀಶಚಂದ್ರ ಬೋಸರು ವಾಲ್ವಿಲ್ಲದೆಯೇ, ಗೆಲೀನಾ ಎಂಬ ಖನಿಜದ ಹರಳಿನಿಂದ ವಿದ್ಯುತ್ ತರಂಗಗಳನ್ನು ಗುರುತಿಸುವ ಸಾಧನಕ್ಕೆ 1904ರಲ್ಲಿ ಅಮೆರಿಕದ ಪೇಟೆಂಟನ್ನು ಪಡೆದಿದ್ದರು ಎಂಬುದನ್ನು ಪ್ರಸಂಗವಶಾತ್ ಹೇಳಬೇಕು.

ವಾಲ್ವಿನ ಮೈಮೇಲೆ ಅಚ್ಚಾದ ಅಕ್ಷರಗಳು ಮೊದಲಿಗೆ ಮಂತ್ರಾಕ್ಷರಗಳಂತೆ ಕಾಣುವುವು. ಇಸಿಎಚ್ 81, ಇಬಿಎಫ್ 89, ಇಎಲ್ 84, ಇಝಡ್ 80, ಇಎಂ 80. ಆದರೆ ಇದು ನಮ್ಮ ವ್ಯಾಕರಣದ ಸಂಕೇತಗಳಷ್ಟೇ ಅಚ್ಚುಕಟ್ಟಾದ ಪದ್ಧತಿ. ಮೊದಲನೆಯ ಅಕ್ಷರವು ಒಳಗಿನ ತಂತಿ ಕಾಯಲು ಬೇಕಾದ ವಿದ್ಯುತ್ತನ್ನು ಹೇಳುವುದು: ‘ಇ’ ಎಂದರೆ 6.3 ವೋಲ್ಟ್, ‘ಡಿ’ ಎಂದರೆ 1.4 ವೋಲ್ಟಿನ ಬ್ಯಾಟರಿಯ ವಾಲ್ವು, ‘ಯು’ ಎಂದರೆ 100 ಮಿಲಿಆಂಪಿಯರಿನಲ್ಲಿ ಸಾಲಾಗಿ ಜೋಡಿಸತಕ್ಕದ್ದು. ಮುಂದಿನ ಅಕ್ಷರಗಳು ಕೆಲಸವನ್ನು ಹೇಳುವುವು: ‘ಎಲ್’ ಧ್ವನಿವರ್ಧಕಕ್ಕೆ ಬಲ ಕೊಡುವುದು, ‘ಝಡ್’ ಅತ್ತಿತ್ತ ಹರಿಯುವ ವಿದ್ಯುತ್ತನ್ನು ಒಂದೇ ದಿಕ್ಕಿಗೆ ತರುವುದು, ‘ಎಂ’ ಹಸಿರು ಬೆಳಕಿನಿಂದ ಕೇಂದ್ರ ಸರಿಯಾಗಿ ಹಿಡಿದಿದೆಯೇ ಎಂದು ತೋರಿಸುವ ಕಣ್ಣು. ಅಂಕಿಯಲ್ಲಿ ಮೊದಲನೆಯದು ಎಂಟಾಗಿದ್ದರೆ ಅದು ಒಂಬತ್ತು ಕಡ್ಡಿಗಳ ಚಿಕ್ಕ ನಳಿಕೆ, ಮೂರಾಗಿದ್ದರೆ ಎಂಟು ಕಡ್ಡಿಗಳ ದಪ್ಪ ಬುಡದ್ದು. ನಮ್ಮ ಎಂಟನೆಯ ಇಯತ್ತೆಯ ಬಾಲಕರು ಇದನ್ನು ಒಂದು ಮಧ್ಯಾಹ್ನದಲ್ಲಿ ಕಂಠಪಾಠ ಮಾಡಿದ್ದಾರೆ. ಕನ್ನಡ ಮಾಧ್ಯಮದಲ್ಲಿ ಓದಿದರೆ ಯಂತ್ರವಿದ್ಯೆ ಬಾರದೆಂದು ಸಂಕೋಚ ಪಡುವ ಪಾಲಕರು ಒಮ್ಮೆ ಅವರಿಂದ ಈ ಪಾಠವನ್ನು ಹೇಳಿಸಿ ಕೇಳಬೇಕು. ಈ ವಾಲ್ವುಗಳು ಬಹುಕಾಲ ಹೊರದೇಶಗಳಿಂದಲೇ ಬರುತ್ತಿದ್ದವು. 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯು 1961ರಿಂದ ಅವುಗಳನ್ನು ನಮ್ಮಲ್ಲಿಯೇ ತಯಾರಿಸತೊಡಗಿತು. ಹಳೆಯ ರೇಡಿಯೋಗಳಲ್ಲಿ ಆ ಬೆಂಗಳೂರಿನ ವಾಲ್ವುಗಳು ಇಂದಿಗೂ ಸಿಗುತ್ತವೆ, ಬಹಳ ಸಲ ಚೆನ್ನಾಗಿಯೇ ಇರುತ್ತವೆ.

ಈಗ ಮುಖ್ಯ ಮಾತಿಗೆ ಬಂದೆವು. ರೇಡಿಯೋ ನಿಂತಿತೆಂದರೆ ಎಲ್ಲರೂ ಮೊದಲು ದೂರುವುದು ಗಾಜಿನ ವಾಲ್ವನ್ನು. ಅದು ಕಣ್ಣಿಗೆ ನಾಜೂಕಾಗಿ ಕಾಣುವುದೇ ಇದಕ್ಕೆ ಕಾರಣವಿರಬೇಕು. ನಮ್ಮ ಅನುಭವದಲ್ಲಿ ವಾಲ್ವು ಕೆಟ್ಟಿರುವುದು ಅಪರೂಪ. ಕೆಡುವುದು ಕಾಗದ, ಮೇಣ ಮತ್ತು ರಸ. ಅಡಿಗಟ್ಟನ್ನು ಬೋರಲು ಹಾಕಿದರೆ ಕಾಣುವ ಕಂಡೆನ್ಸರುಗಳಲ್ಲಿ ಎರಡು ಜಾತಿ. ಒಂದು, ಮೇಣದಲ್ಲಿ ಅದ್ದಿದ ಕಾಗದವನ್ನು ಲೋಹದ ಹಾಳೆಯೊಂದಿಗೆ ಸುತ್ತಿದ್ದು. ಇನ್ನೊಂದು, ಒಳಗೆ ರಾಸಾಯನಿಕ ದ್ರವವಿರುವ ದೊಡ್ಡ ಅಲ್ಯೂಮಿನಿಯಮ್ ಡಬ್ಬಿ. ವಿದ್ಯುತ್ತಿನ ಏರಿಳಿತವನ್ನು ಸಮಗೊಳಿಸುವುದು ಇದರ ಕೆಲಸ. ಐವತ್ತು ಅರವತ್ತು ಬೇಸಿಗೆಗಳನ್ನು ತಗಡಿನ ಮಾಳಿಗೆಯ ಕೆಳಗೆ ಕಳೆದ ಪೆಟ್ಟಿಗೆಯಲ್ಲಿ ಆ ದ್ರವ ಆರಿಹೋಗಿರುವುದು, ಕಾಗದವು ತೇವವನ್ನು ಹೀರಿ ವಿದ್ಯುತ್ತನ್ನು ಸೋರಗೊಡುವುದು. ಇಂಥ ಸ್ಥಿತಿಯಲ್ಲಿ ರೇಡಿಯೋವನ್ನು ಥಟ್ಟನೆ 230 ವೋಲ್ಟಿಗೆ ಜೋಡಿಸಿದರೆ ಡಬ್ಬಿ ಒಡೆಯಬಹುದು, ಟ್ರಾನ್ಸ್‌ಫಾರ್ಮರ್ ಸುಟ್ಟು ಹೋಗಬಹುದು. ಅರವತ್ತು ವರ್ಷ ಸುರಕ್ಷಿತವಾಗಿ ಬಾಳಿದ ವಸ್ತುವನ್ನು ನಾವೇ ಅರ್ಧ ನಿಮಿಷದಲ್ಲಿ ಕೊಂದಂತಾಗುವುದು.

ಇವುಗಳಲ್ಲಿ ಒಂದು ಕಂಡೆನ್ಸರನ್ನು ವಿಶೇಷವಾಗಿ ತೋರಿಸಿಕೊಡಬೇಕು. ಅದು ಬೆರಳ ತುದಿಯಷ್ಟು ಚಿಕ್ಕದು, ಸಾಮಾನ್ಯವಾಗಿ 0.01 ಮೈಕ್ರೋಫ್ಯಾರಡಿನದು. ಹಿಂದಿನ ವಾಲ್ವಿನ ತಗಡಿನಿಂದ ಕೊನೆಯ ವಾಲ್ವಿನ ಜಾಲರಿಗೆ ಹೋಗುವ ದಾರಿಯಲ್ಲಿ ಅದು ಕಾವಲುಗಾರನಂತೆ ಕುಳಿತಿರುವುದು. ಧ್ವನಿಯ ಏರಿಳಿತವನ್ನು ಮಾತ್ರ ಮುಂದೆ ಬಿಟ್ಟು, ತಗಡಿನ ಮೇಲಿನ ನೂರು ವೋಲ್ಟಿನಷ್ಟು ಸ್ಥಿರ ವಿದ್ಯುತ್ತನ್ನು ತಡೆಯುವುದು ಅದರ ಧರ್ಮ. ಅದು ಸೋರಿದರೆ ಜಾಲರಿಯು ಧನವಾಗಿ, ತೂಬಿನ ಹಲಗೆ ಪೂರ್ತಿ ಎದ್ದಂತಾಗಿ, ಕೊನೆಯ ವಾಲ್ವಿನಲ್ಲಿ ಮಿತಿಮೀರಿದ ಪ್ರವಾಹ ಹರಿಯುವುದು. ಕೆಲವು ರೂಪಾಯಿಗಳ ಈ ಕಂಡೆನ್ಸರಿನ ದೋಷದಿಂದ ಸುಲಭವಾಗಿ ಸಿಗದ ವಾಲ್ವೂ ಟ್ರಾನ್ಸ್‌ಫಾರ್ಮರೂ ಹಾಳಾಗುವುವು. ಆದುದರಿಂದ ರೇಡಿಯೋ ಮಾತನಾಡುತ್ತಿದ್ದರೂ ಸರಿಯೇ, ಇದನ್ನು ಮಾತ್ರ ಪರೀಕ್ಷೆಯಿಲ್ಲದೆ ಬದಲಿಸಿಬಿಡಬೇಕೆಂಬುದು ನಮ್ಮ ಮತ. ಇದಕ್ಕೆ 630 ವೋಲ್ಟ್ ತಡೆಯುವ ಪ್ಲಾಸ್ಟಿಕ್ ಹಾಳೆಯ ಹೊಸ ಕಂಡೆನ್ಸರನ್ನು ಹಾಕಬೇಕು. ಅಲ್ಯೂಮಿನಿಯಮ್ ಡಬ್ಬಿಯನ್ನಾದರೋ ಕಿತ್ತು ಎಸೆಯುವ ಕಾರಣವಿಲ್ಲ. ಅದರ ತಂತಿಗಳನ್ನು ಬಿಡಿಸಿ, ಡಬ್ಬಿಯನ್ನು ನೋಟಕ್ಕೆ ಹಾಗೆಯೇ ಬಿಟ್ಟು, ಅಡಿಗಟ್ಟಿನ ಕೆಳಗೆ ಹೊಸದನ್ನು ಜೋಡಿಸಿದರೆ ಸಾಕು. ಸಾಮಗ್ರಿಗೆಲ್ಲ ಸೇರಿ ಕೆಲವು ನೂರು ರೂಪಾಯಿ ತಗಲುವುದು. ಒಂದು ಮಲ್ಟಿಮೀಟರ್, ಒಂದು ಸೋಲ್ಡರಿಂಗ್ ಐರನ್, ಒಳ್ಳೆಯ ಬೆಳಕು ಮತ್ತು ತಾಳ್ಮೆ ಇಷ್ಟೇ ಉಪಕರಣಗಳು. ಬಿಚ್ಚುವ ಮುನ್ನ ಮೊಬೈಲಿನಲ್ಲಿ ಎಲ್ಲ ಕಡೆಯಿಂದ ಫೋಟೋ ತೆಗೆದುಕೊಳ್ಳಿರಿ. ಆ ಯಂತ್ರದ ಸದುಪಯೋಗಗಳಲ್ಲಿ ಇದೂ ಒಂದು.

ಮೊದಲ ಸಲ ವಿದ್ಯುತ್ತು ಕೊಡುವಾಗ ಹಳೆಯ ಮೆಕ್ಯಾನಿಕರು ಅನುಸರಿಸುತ್ತಿದ್ದ ಒಂದು ಉಪಾಯವಿದೆ. 60 ವ್ಯಾಟಿನ ತಂತಿಯ ಬಲ್ಬನ್ನು ರೇಡಿಯೋದೊಂದಿಗೆ ಸಾಲಾಗಿ ಜೋಡಿಸುವುದು. ಒಳಗೆ ದೋಷವಿದ್ದರೆ ಬಲ್ಬು ಪೂರ್ಣ ಪ್ರಕಾಶದಿಂದ ಉರಿಯುತ್ತಲೇ ಇರುವುದು, ರೇಡಿಯೋ ಉಳಿದುಕೊಳ್ಳುವುದು. ಎಲ್ಲವೂ ಸರಿಯಾಗಿದ್ದರೆ ಬಲ್ಬು ಒಮ್ಮೆ ಬೆಳಗಿ ಮಂಕಾಗುವುದು. ಇದಕ್ಕೆ ಎಲ್‌ಇಡಿ ಬಲ್ಬು ನಡೆಯುವುದಿಲ್ಲ. ಹಳೆಯ ಮಾದರಿಯ ಬಲ್ಬು ಮನೆಯಲ್ಲಿ ಉಳಿದಿದ್ದರೆ ಜೋಪಾನವಾಗಿಡಿರಿ.

ವಿದ್ಯಾರ್ಥಿಗಳೇ, ಈ ಮಾತನ್ನು ನಿಮಗಾಗಿ ಪ್ರತ್ಯೇಕವಾಗಿ ಹೇಳುತ್ತೇವೆ, ಕಿವಿಗೊಟ್ಟು ಕೇಳಬೇಕು. ನೀವು ಆಡುವ ಬ್ಯಾಟರಿಯ ಯಂತ್ರಗಳಂತೆ ಇದು ನಿರುಪದ್ರವಿಯಲ್ಲ. ಅಡಿಗಟ್ಟಿನ ಕೆಳಗೆ ಸುಮಾರು 250 ವೋಲ್ಟ್ ವಿದ್ಯುತ್ತು ಇರುವುದು, ಸ್ವಿಚ್ಚನ್ನು ಆರಿಸಿದ ಮೇಲೂ ಕಂಡೆನ್ಸರುಗಳಲ್ಲಿ ಅದು ಉಳಿದಿರಬಹುದು. ಪ್ಲಗ್ಗನ್ನು ಗೋಡೆಯಿಂದ ಕಿತ್ತು, ಕೆಲವು ಸಾವಿರ ಓಮ್‌ಗಳ ರೆಸಿಸ್ಟರಿನ ಮೂಲಕ ಆ ವಿದ್ಯುತ್ತನ್ನು ಹರಿಯಿಸಿ, ಮಲ್ಟಿಮೀಟರು ಸೊನ್ನೆ ತೋರಿಸಿದ ಮೇಲೆಯೇ ಕೈ ಹಾಕತಕ್ಕದ್ದು. ಟ್ರಾನ್ಸ್‌ಫಾರ್ಮರ್ ಇಲ್ಲದ ಒಂದು ಜಾತಿಯ ರೇಡಿಯೋ ಇದೆ. ಏಸಿ, ಡೀಸಿ ಎರಡರಲ್ಲಿಯೂ ನಡೆಯುವ ಇದರ ವಾಲ್ವುಗಳ ಹೆಸರು ಬಹುಧಾ ‘ಯು’ ಅಕ್ಷರದಿಂದ ಆರಂಭವಾಗುವುದು. ಇದರ ತಗಡಿಗೇ ಮನೆಯ ವಿದ್ಯುತ್ತು ನೇರವಾಗಿ ತಗುಲಿರುವುದು. ತಿರುಗಣೆಯ ಬಿರಡೆ ಬಿದ್ದುಹೋಗಿದ್ದರೆ ಅದರ ಲೋಹದ ಕಡ್ಡಿಯನ್ನು ಮುಟ್ಟಿದರೂ ಪ್ರಾಣಾಪಾಯ. ಇಂಥದನ್ನು ಮನೆಯಲ್ಲಿ ಬಿಚ್ಚಲೇಬಾರದು. ಉಳಿದವುಗಳನ್ನಾದರೂ ದೊಡ್ಡವರೊಬ್ಬರು ಪಕ್ಕದಲ್ಲಿ ಇಲ್ಲದೆ ತೆರೆಯಬಾರದು. ಕೆಲವು ಪೆಟ್ಟಿಗೆಗಳಲ್ಲಿ ಶಾಖ ತಡೆಯಲು ಬಿಳಿಯ ಆಸ್ಬೆಸ್ಟಾಸ್ ಹಾಳೆಯನ್ನು ಹಚ್ಚಿರುವುದುಂಟು. ಅದನ್ನು ಕೆರೆಯಬೇಡಿರಿ, ಅದರ ಧೂಳು ಪುಪ್ಪುಸಗಳಿಗೆ ವಿಷ.

ಇನ್ನೊಂದು ಎಚ್ಚರಿಕೆ ಪ್ರಾಣದ್ದಲ್ಲ, ರೇಡಿಯೋದ್ದು. ಅಡಿಗಟ್ಟಿನ ಮೇಲೆ ಅಲ್ಯೂಮಿನಿಯಮ್ಮಿನ ಚೌಕ ಡಬ್ಬಿಗಳಿದ್ದು ಅವುಗಳ ತಲೆಯಲ್ಲಿ ತಿರುಪುಗಳಿರುವುವು. ಸಡಿಲವಾಗಿರುವಂತೆ ಕಾಣುವ ಇವುಗಳನ್ನು ಬಿಗಿಮಾಡುವ ಚಪಲ ಎಲ್ಲರಿಗೂ ಉಂಟಾಗುವುದು. ಮುಟ್ಟಲಾಗದು! 1918ರಲ್ಲಿ ಆರ್ಮ್‌ಸ್ಟ್ರಾಂಗ್ ಕಂಡುಹಿಡಿದ ಪದ್ಧತಿಯ ಪ್ರಕಾರ ರೇಡಿಯೋ ತಾನೇ ಒಂದು ಆವರ್ತನವನ್ನು ಹುಟ್ಟಿಸಿ, ಬಂದ ಕೇಂದ್ರದೊಂದಿಗೆ ಬೆರೆಸಿ, ಎರಡರ ವ್ಯತ್ಯಾಸವನ್ನು ಮಾತ್ರ ಮುಂದೆ ಕಳಿಸುವುದು. ಧಾರವಾಡ ಕೇಂದ್ರವು ಬಹುಕಾಲ ಪ್ರಸಾರ ಮಾಡುತ್ತ ಬಂದ ಆವರ್ತನ 765 ಕಿಲೋಹರ್ಟ್ಸ್. ರೇಡಿಯೋ ಒಳಗೆ 1220ನ್ನು ಹುಟ್ಟಿಸುವುದು, ವ್ಯತ್ಯಾಸ 455. ಯಾವ ಕೇಂದ್ರಕ್ಕೆ ತಿರುಗಿಸಿದರೂ ವ್ಯತ್ಯಾಸ ಅಷ್ಟೇ ಇರುವಂತೆ ಯಂತ್ರವನ್ನು ರಚಿಸಿದ್ದಾರೆ, ಆ ಡಬ್ಬಿಗಳನ್ನು 455ಕ್ಕೇ ಶ್ರುತಿಗೂಡಿಸಿದ್ದಾರೆ. ತಂಬೂರಿಯ ಬಿರಡೆಯನ್ನು ತಿರುಗಿಸಿ ಹೋದ ಮಗುವಿನಂತೆ ನಾವು ಅವನ್ನು ತಿರುಗಿಸಿದರೆ ಮತ್ತೆ ಶ್ರುತಿಗೆ ತರಲು ಬೇರೊಂದು ಉಪಕರಣವೇ ಬೇಕು. ಹಳೆಯ ಗಾಜಿನ ಪಟ್ಟಿಯ ಮೇಲೆ ಅನೇಕ ಸಲ ಅಂಕಿಗಳು ಮೀಟರಿನಲ್ಲಿರುವುವು. ಮೂರು ಲಕ್ಷವನ್ನು ಕಿಲೋಹರ್ಟ್ಸಿನಿಂದ ಭಾಗಿಸಿದರೆ ಮೀಟರು ಬರುವುದು. 765ಕ್ಕೆ 392 ಮೀಟರು. ಇದನ್ನು ಮನೆಯಲ್ಲಿ ಲೆಕ್ಕ ಮಾಡಿ ನೋಡಿರಿ.

ಪೆಟ್ಟಿಗೆಯ ಹೊರಮೈಯ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಒಣ ಬಟ್ಟೆ, ಮೆತ್ತನೆಯ ಕುಂಚ, ಮರಕ್ಕೆ ಬೇಕೇ ಬೇಕೆಂದರೆ ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗಿನ ತೆಳುವಾದ ಪಾಲಿಶ್. ಹೊಸದರಂತೆ ಥಳಥಳಿಸುವ ಬಣ್ಣ ಬಳಿಯುವವರನ್ನು ಕಂಡರೆ ನಮಗೆ ಬೇಸರವಾಗುವುದು. ಆದರೆ ಗಾಜಿನ ಪಟ್ಟಿಯ ಬಗೆಗೆ ಒಂದು ಮಾತು. ಅದರ ಹಿಂಬದಿಯಲ್ಲಿರುವ ಅಕ್ಷರಗಳು ನೀರು ಸ್ಪಿರಿಟ್ಟುಗಳಿಂದ ಒರಸಿದೊಡನೆ ಎದ್ದುಬರುವುವು, ಮತ್ತೆ ಬರೆಯಲಾಗದು.

ಕಳೆದ ವರ್ಷ ಅಕ್ಕಲಕೋಟೆ ತಾಲೂಕಿನ ಒಂದು ಹಳ್ಳಿಯಿಂದ ಒಂಬತ್ತನೆಯ ಇಯತ್ತೆಯ ಬಾಲಕನೂ ಅವನ ಅಜ್ಜಿಯೂ ಐದು ವಾಲ್ವಿನ ಒಂದು ರೇಡಿಯೋವನ್ನು ಧೋತರದಲ್ಲಿ ಕಟ್ಟಿಕೊಂಡು ನಮ್ಮ ಮನೆಗೆ ತಂದಿದ್ದರು. ಗಾಜಿನ ಮೇಲೆ ಇಂಗ್ಲಿಷಿನಲ್ಲಿ ದಿಲ್ಲಿ, ಮುಂಬಯಿ, ಕೊಲಂಬೊ, ಲಂಡನ್ ಎಲ್ಲವೂ ಇದ್ದವು, ಧಾರವಾಡವಿರಲಿಲ್ಲ. ಎಡಭಾಗದಲ್ಲಿ ಮಾತ್ರ ಗಾಜಿನ ಮೇಲುಗಡೆಗೆ ಕೆಂಪು ಅರಗಿನ ಒಂದು ಹನಿ ಅಂಟಿಕೊಂಡಿತ್ತು. ಬಾಲಕನು ಅದನ್ನು ಉಗುರಿನಿಂದ ಕೆರೆಯಹೋದಾಗ ಅಜ್ಜಿ ಅವನ ಕೈಯನ್ನು ಹಿಡಿದು, “ಅದನ್ನ ತಗೀಬ್ಯಾಡೋ, ಅದು ಧಾರವಾಡ ಐತಿ” ಎಂದಳು. ಆಮೇಲೆ ನಮ್ಮ ಕಡೆಗೆ ತಿರುಗಿ, “ನನಗ ಓದಾಕ ಬರತಿದ್ದಿಲ್ರಿ ಗುರುಗಳ. ಇವರಜ್ಜ ಹೊಲಕ್ಕ ಹೋದಾಗ ನಾನ ಹಚ್ಚಿಕೊಳ್ಳಾಕ ಬರಲಿ ಅಂತ ಅವರು ಮಾಡಿಕೊಟ್ಟ ಗುರ್ತಾ ಅದು” ಎಂದು ಹೇಳಿದಳು. ಪೆಟ್ಟಿಗೆಯೊಳಗೆ ಅಜ್ಜನ ಹೆಸರಿನ ರೇಡಿಯೋ ಲೈಸೆನ್ಸಿನ ಪುಸ್ತಕವೂ ಇದ್ದಿತು. ಅಂಚೆಕಚೇರಿಯಲ್ಲಿ ವರ್ಷವರ್ಷವೂ ಹಣ ಕಟ್ಟಿ ಮುದ್ರೆ ಹಾಕಿಸಿದ ಪುಸ್ತಕ. ಆ ಲೈಸೆನ್ಸಿನ ಪದ್ಧತಿ ಎಂಬತ್ತರ ದಶಕದಲ್ಲಿ ರದ್ದಾಯಿತು. ಬಾಲಕನೇ ನಮ್ಮ ಪಕ್ಕದಲ್ಲಿ ಕುಳಿತು ಮೂರು ಭಾನುವಾರಗಳಲ್ಲಿ ಏಳು ಕಂಡೆನ್ಸರುಗಳನ್ನೂ, ಇಲಿ ಕಡಿದ ತಂತಿಯನ್ನೂ, ಮುಳ್ಳನ್ನು ಸರಿಸುವ ದಾರವನ್ನೂ ಬದಲಿಸಿದನು. ವಾಲ್ವುಗಳು ಐದೂ ಹಳೆಯವೇ. ಧ್ವನಿವರ್ಧಕದ ಹರಿದ ಕಾಗದಕ್ಕೆ ತೆಳುವಾದ ಟಿಶ್ಯೂ ಕಾಗದವನ್ನು ಅಂಟಿಸಿದ್ದಾಯಿತು. ಹೊಸ ದಾರ ಕಟ್ಟುವಾಗ ಮುಳ್ಳು ಮೊದಲಿನ ಸ್ಥಾನದಲ್ಲಿಯೇ ನಿಲ್ಲುವಂತೆ, ಎಂದರೆ ಆ ಕೆಂಪು ಹನಿ ಸುಳ್ಳಾಗದಂತೆ, ಹೆಚ್ಚು ಹೊತ್ತು ಹಿಡಿಯಿತು. ಉಳಿದ ಕೆಲಸಕ್ಕಿಂತ ಅದೇ ದೊಡ್ಡದಾಯಿತೆಂದರೂ ಸಲ್ಲುವುದು.

ಸರಿಪಡಿಸಿದ ರೇಡಿಯೋದಲ್ಲಿ ಏನನ್ನು ಕೇಳುವುದು ಎಂದು ಪಾಲಕರು ಕೇಳುವರು. ಪ್ರಶ್ನೆ ಯಥಾರ್ಥವಾದುದು. ಇತ್ತೀಚಿನ ವರ್ಷಗಳಲ್ಲಿ ಆಕಾಶವಾಣಿಯು ಎಫ್‌ಎಂ ಪ್ರಸಾರಕ್ಕೆ ಪ್ರಾಶಸ್ತ್ಯ ಕೊಟ್ಟು ಮಧ್ಯಮ ತರಂಗದ ಅನೇಕ ಪ್ರಸಾರ ಯಂತ್ರಗಳನ್ನು ನಿಲ್ಲಿಸಿದೆ. ನಮ್ಮ ಅಟ್ಟಗಳ ಮೇಲಿನ ವಾಲ್ವು ರೇಡಿಯೋಗಳಲ್ಲಿ ಹೆಚ್ಚಿನವು ಎಫ್‌ಎಂ ಹಿಡಿಯಲಾರವು. ಎಫ್‌ಎಂ ತರಂಗಗಳ ಗುಣ ಸ್ವಚ್ಛ, ಆದರೆ ಅವು ದೂರ ಹೋಗುವುದಿಲ್ಲ. ಗಡಿಯಾಚೆಯ ಕನ್ನಡಿಗರಿಗೆ ಈ ಬದಲಾವಣೆಯಿಂದ ಆಗುವ ನಷ್ಟ ಒಳನಾಡಿನವರಿಗಿಂತ ಹೆಚ್ಚಿನದು. ಆದುದರಿಂದ ಮಧ್ಯಮ ತರಂಗದಲ್ಲಿ ಕೇಂದ್ರಗಳು ಉಳಿದಿರುವಷ್ಟು ಕಾಲದಲ್ಲಿಯೇ ಈ ಕೆಲಸವನ್ನು ಮಾಡಿಕೊಳ್ಳುವುದು ಲೇಸು. ಎಂಟು ಹತ್ತು ಮೀಟರಿನ ತಂತಿಯನ್ನು ಮಾಳಿಗೆಯ ಮೇಲೆ ಕಟ್ಟಿ, ಮನೆಯೊಳಗಿನ ಎಲ್‌ಇಡಿ ದೀಪಗಳನ್ನೂ ಮೊಬೈಲಿನ ಚಾರ್ಜರುಗಳನ್ನೂ ಆರಿಸಿದರೆ ಗೊರಗೊರ ಸದ್ದು ಬಹಳ ಮಟ್ಟಿಗೆ ಇಳಿಯುವುದು. ರಾತ್ರಿ ಅಯಾನುಮಂಡಲದಿಂದ ತರಂಗಗಳು ಪ್ರತಿಫಲಿಸಿ ಬರುವುದರಿಂದ ದೂರದ ಕೇಂದ್ರಗಳೂ ಕೇಳುವುವು. ಟ್ರಾನ್ಸ್‌ಫಾರ್ಮರ್ ಇರುವ ರೇಡಿಯೋಗಳ ಹಿಂಬದಿಯಲ್ಲಿ ಗ್ರಾಮಾಫೋನಿಗಾಗಿ ಎರಡು ರಂಧ್ರಗಳಿದ್ದರೆ, ತಕ್ಕ ತಂತಿಯಿಂದ ಮೊಬೈಲಿನ ಧ್ವನಿಯನ್ನೂ ಅಲ್ಲಿಗೆ ಕೊಡಬಹುದು. ಟ್ರಾನ್ಸ್‌ಫಾರ್ಮರ್ ಇಲ್ಲದವುಗಳಿಗೆ ಎಂದಿಗೂ ಹಾಗೆ ಮಾಡಕೂಡದು.

ಬರುವ ತಿಂಗಳಿನಿಂದ ಭಾನುವಾರ ಮುಂಜಾನೆ ಒಂಬತ್ತರಿಂದ ಹನ್ನೆರಡರವರೆಗೆ ನಮ್ಮ ಮನೆಯ ಪಡಸಾಲೆ ಈ ಕೆಲಸಕ್ಕೆ ತೆರೆದಿರುವುದು. ಒಂದು ಸಲಕ್ಕೆ ನಾಲ್ವರು ವಿದ್ಯಾರ್ಥಿಗಳು ಮಾತ್ರ, ಪ್ರತಿಯೊಬ್ಬರ ಸಂಗಡ ಮನೆಯ ಹಿರಿಯರೊಬ್ಬರು ಬರಬೇಕು. ರೇಡಿಯೋವನ್ನು ಹಿಂಬದಿಯ ಹಲಗೆ ತೆಗೆಯದೆ, ಗಾಜನ್ನು ಒರಸದೆ, ಒಳಗೆ ಕಾಗದಪತ್ರಗಳಿದ್ದರೆ ಅವನ್ನೂ ಹಾಗೆಯೇ ಬಿಟ್ಟು ತನ್ನಿರಿ. ತರುವ ಮುನ್ನ ದಯವಿಟ್ಟು ಯಾರೂ ಅದನ್ನು ವಿದ್ಯುತ್ತಿಗೆ ಜೋಡಿಸಿ ನೋಡಬೇಡಿರಿ.